ಬೆಳಗಾವಿಯಲ್ಲಿ 64 ದಿನಗಳ ಅಹಿಂಸಾ ಪರ್ವ ನಡೆಸುವ ಬಗೆ

ಜನವರಿ 30 ಗಾಂಧೀಜಿ ಹತರಾದ ದಿನ. ಏಪ್ರಿಲ್ 4 ಅಮೆರಿಕದ ಕರಿಯರ ಹಕ್ಕಿಗಾಗಿ ಅಹಿಂಸೆಯಿಂದ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಹತರಾದ ದಿನ. 1998ರಲ್ಲಿ, ಗಾಂಧೀಜಿ ಇಲ್ಲವಾಗಿ 50 ವರ್ಷ, ಕಿಂಗ್ ಇಲ್ಲವಾಗಿ 30 ವರ್ಷ ತುಂಬಿದಾಗ, ಗಾಂಧೀಜಿಯವರ ಮೊಮ್ಮಗ ಅರುಣ್ ಗಾಂಧಿ ಮತ್ತು ಸಂಗಡಿಗರು ಅಮೆರಿಕದಲ್ಲಿ ಈ ಎರಡು ದಿನಗಳ ನಡುವಿನ 64 ದಿನಗಳನ್ನು ಅಹಿಂಸೆಯ ಅಭ್ಯಾಸಕ್ಕೆಂದು ಆಚರಿಸಲು ಶುರು ಮಾಡಿದರು. ಆಮೇಲೆ ಬೇರೆ ಬೇರೆ ಊರುಗಳು ತಮ್ಮ ತಮ್ಮ ರೀತಿಯಲ್ಲಿ ಇದನ್ನು ಹಮ್ಮಿಕೊಂಡವು. ಬೆಳಗಾವಿಯಲ್ಲಿ ಇದನ್ನು ನಡೆಸುವವರಿಗಾಗಿ ಈ ಬರಹ.

ಮೊದಲಿಗೆ ಲೆಕ್ಕ ಸರಿ ಮಾಡಿಕೊಳ್ಳಿ, ಹಲವರು ಇಲ್ಲೇ ಎಡವುತ್ತಾರೆ. ಜನವರಿ 30ನ್ನೂ ಏಪ್ರಿಲ್ 4ನ್ನೂ ಸೇರಿಸಿ ಎಣಿಸಿದರೆ 65 ದಿನ ಬರುತ್ತದೆ. ಆದ್ದರಿಂದ ಜನವರಿ 30ನ್ನು ಉದ್ಘಾಟನೆಗೆ ಬಿಟ್ಟು, 31ನ್ನು ಒಂದನೇ ದಿನವೆಂದು ಹಿಡಿಯಿರಿ, ಏಪ್ರಿಲ್ 4 ಸರಿಯಾಗಿ 64ನೇ ದಿನವಾಗುತ್ತದೆ. ಅಧಿಕ ವರ್ಷದಲ್ಲಿ ಒಂದು ದಿನ ಹೆಚ್ಚಾಗುತ್ತದೆ, ಫೆಬ್ರವರಿ 29ನ್ನು ಬಿಡುವಿನ ದಿನ ಮಾಡಿ. ಗೋಡೆ ಕ್ಯಾಲೆಂಡರ್ ಅಚ್ಚಾದ ಮೇಲೆ ಈ ತಪ್ಪು ಕಂಡರೆ ಅಷ್ಟೂ ಪ್ರತಿ ವ್ಯರ್ಥ.

ಇಂಥ ಆಚರಣೆಗೆ ಬೆಳಗಾವಿಗೆ ತನ್ನದೇ ಹಕ್ಕಿದೆ. ಗಾಂಧೀಜಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ್ದು ಬದುಕಿನಲ್ಲಿ ಒಂದೇ ಬಾರಿ, 1924ರ ಡಿಸೆಂಬರಿನಲ್ಲಿ, ನಮ್ಮ ಟಿಳಕವಾಡಿಯಲ್ಲಿ. ಅಧಿವೇಶನಕ್ಕೆ ಬಂದವರಿಗೆ ನೀರು ಬೇಕೆಂದು ತೋಡಿದ ಬಾವಿಯನ್ನು ಇವತ್ತಿಗೂ ಕಾಂಗ್ರೆಸ್ ಬಾವಿ ಎಂದೇ ಕರೆಯುತ್ತಾರೆ, ಮಗ್ಗುಲಲ್ಲಿ ಆ ಅಧಿವೇಶನದ ನೆನಪಿನ ವೀರಸೌಧವಿದೆ. ಆ ಅಧಿವೇಶನ ಒಪ್ಪಿದ ಒಂದು ನಿಯಮ ನಿಮ್ಮ ಇಡೀ ಯೋಜನೆಗೆ ದಾರಿ ತೋರಿಸಬಲ್ಲದು: ಸದಸ್ಯರಾಗುವವರು ತಿಂಗಳಿಗೆ 2,000 ಗಜ ನೂಲು ಕೊಡಬೇಕು. ದಿನಕ್ಕೆ ಸುಮಾರು 67 ಗಜ. ನಂಬಿಕೆಯನ್ನು ಬಾಯಲ್ಲಿ ಹೇಳಿದರೆ ಸಾಲದು, ಕೈಯಲ್ಲಿ ತೋರಿಸಬೇಕು ಎಂಬುದು ಅದರ ಅರ್ಥ. ಪರ್ವದ ಒಂದೊಂದು ಕಾರ್ಯಕ್ರಮಕ್ಕೂ ಇದೇ ಅಳತೆ ಹಿಡಿಯಿರಿ. ಬಂದವರಿಗೆ ಕೈಗೆ ಕೆಲಸವಿದೆಯೇ, ಕಿವಿಗೆ ಕೆಲಸವಿದೆಯೇ? ಎರಡೂ ಇಲ್ಲದೆ ಬರೀ ಭಾಷಣವಿದ್ದರೆ ಆ ಕಾರ್ಯಕ್ರಮ ಬೇಡ. ಒಬ್ಬರ ಮಾತು 5 ನಿಮಿಷ ದಾಟದಿರಲಿ, ಒಂದು ಕೂಟದಲ್ಲಿ ಇಬ್ಬರಿಗಿಂತ ಹೆಚ್ಚು ಭಾಷಣಕಾರರು ಬೇಡ.

ಸಮಿತಿ ಮತ್ತು ಪಂಚಾಂಗ

ನವೆಂಬರ್ ಕೊನೆಯೊಳಗೆ ಸಮಿತಿ ಕೂಡಬೇಕು. 11 ಜನ ಸಾಕು. 25 ಜನರ ಸಮಿತಿ ಮಾಡಿದರೆ ಕೆಲಸಕ್ಕೆ ಬರುವವರು ಮತ್ತೆ ಅದೇ 11 ಜನ, ಉಳಿದವರ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಹೇಗೆ ಬಂತು ಎಂಬುದೇ ಜಗಳವಾಗುತ್ತದೆ. ಶಹಾಪುರ, ವಡಗಾವಿ, ಅನಗೋಳ, ಕ್ಯಾಂಪ್, ನೆಹರೂ ನಗರ, ಖಡೇ ಬಜಾರ್ ಹೀಗೆ ಬೇರೆ ಬೇರೆ ಭಾಗದಿಂದ ಬರಲಿ. ಕನ್ನಡ, ಮರಾಠಿ, ಉರ್ದು ಮಾತಾಡುವ ಮನೆಗಳವರು ಕಡ್ಡಾಯವಾಗಿ ಇರಲಿ. ಹೆಣ್ಣುಮಕ್ಕಳು ಅರ್ಧದಷ್ಟಾದರೂ ಇರಲಿ. ಗಲ್ಲಿಯ ಜಗಳದ ಒಳಸುಳಿ ನಿಜವಾಗಿ ಗೊತ್ತಿರುವುದು ನಲ್ಲಿಯ ಹತ್ತಿರ ನಿಲ್ಲುವವರಿಗೆ. ವಡಗಾವಿಯ ನೇಕಾರರನ್ನು ಕೂಡಿಸುವಾಗ ಮಗ್ಗ ನಿಲ್ಲುವ ಹೊತ್ತು ಕೇಳಿಕೊಂಡು ಸಭೆ ಇಡಿ. ಮಧ್ಯಾಹ್ನ 3ಕ್ಕೆ ಸಭೆ ಕರೆದು ನೇಕಾರರು ಬರಲಿಲ್ಲ ಎನ್ನುವುದು ನ್ಯಾಯವಲ್ಲ.

ಹಣದ ಪುಸ್ತಕ ಇಬ್ಬರ ಕೈಯಲ್ಲಿರಲಿ, ಪ್ರತಿ ರೂಪಾಯಿಗೂ ರಸೀದಿ ಇರಲಿ. ಪಕ್ಷಗಳಿಂದ, ಚುನಾವಣೆಗೆ ನಿಲ್ಲಬೇಕೆಂದಿರುವವರಿಂದ ಹಣ ಬೇಡ. ಅಕ್ಕಿ, ಚುರಮುರಿ, ಬಟ್ಟೆ, ಶಾಮಿಯಾನ ಇಂಥವನ್ನು ವಸ್ತುರೂಪದಲ್ಲಿ ಕೊಡುವವರು ಈ ಊರಿನಲ್ಲಿ ಯಾವತ್ತೂ ಸಿಗುತ್ತಾರೆ.

ಆಮೇಲೆ ಪಂಚಾಂಗ ಬಿಚ್ಚಿ ಕೂಡಿ. ಈ 64 ದಿನಗಳಲ್ಲಿ ಮಹಾಶಿವರಾತ್ರಿ, ಹೋಳಿ, ರಂಗಪಂಚಮಿ ಬರುತ್ತವೆ, ಯುಗಾದಿ ಹೆಚ್ಚಾಗಿ ಬರುತ್ತದೆ. ರಂಜಾನ್ ಪ್ರತಿ ವರ್ಷ 10–11 ದಿನ ಮುಂಚೆ ಸರಿಯುವುದರಿಂದ ಈಚಿನ ವರ್ಷಗಳಲ್ಲಿ ಫೆಬ್ರವರಿ–ಮಾರ್ಚಿಗೆ ಬಂದಿದೆ. ಗುಡ್ ಫ್ರೈಡೇ, ಮಹಾವೀರ ಜಯಂತಿ ಕೊನೆಯ ದಿನಗಳ ಅಕ್ಕಪಕ್ಕ ಬೀಳಬಹುದು. ಫೆಬ್ರವರಿ 19 ಶಿವಾಜಿ ಜಯಂತಿ. ಈ ಯಾವ ದಿನವೂ ನಿಮ್ಮ ಜಾಥಾ ರಸ್ತೆಗಿಳಿಯಬಾರದು. ಒಂದೇ ಚೌಕಿನಲ್ಲಿ ಎರಡು ಮೆರವಣಿಗೆ ಎದುರಾದರೆ ಏನಾಗುತ್ತದೆಂದು ಬೆಳಗಾವಿಯವರಿಗೆ ಹೇಳಬೇಕಾಗಿಲ್ಲ. ದ್ವಿತೀಯ ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗಳೂ ಇದೇ ಅವಧಿಗೆ ಬರುತ್ತವೆ. ಶಾಲೆ ಕಾಲೇಜಿನ ಕೆಲಸವೆಲ್ಲ ಫೆಬ್ರವರಿಯ ಮೊದಲ ಮೂರು ವಾರದಲ್ಲಿ ಮುಗಿಯಲಿ. ಮಾರ್ಚಿನಲ್ಲಿ ಮೈಕ್ ಹಚ್ಚಬೇಡಿ, ಮಕ್ಕಳು ಓದುತ್ತಿರುತ್ತಾರೆ.

ಅನುಮತಿ

ನಗರದಲ್ಲಿ ಪೊಲೀಸ್ ಕಮಿಷನರೇಟ್ ಇದೆ. ಜಾಥಾದ ಅರ್ಜಿ ಅಲ್ಲಿಗೆ, ಪ್ರತಿಗಳು ದಾರಿಯಲ್ಲಿ ಬರುವ ಠಾಣೆಗಳಿಗೆ ಮತ್ತು ಸಂಚಾರ ಪೊಲೀಸರಿಗೆ. ಮೈದಾನ, ರಸ್ತೆಬದಿ, ಬ್ಯಾನರಿಗೆ ಮಹಾನಗರ ಪಾಲಿಕೆ. ಕನಿಷ್ಠ 15 ದಿನ ಮುಂಚೆ ಕೊಡಿ. ಹೊರಡುವ ಸ್ಥಳ ಮತ್ತು ಸಮಯ, ಮುಟ್ಟುವ ಸ್ಥಳ ಮತ್ತು ಸಮಯ, ದಾರಿಯ ನಕ್ಷೆ, ಅಂದಾಜು ಜನ, ಸ್ವಯಂಸೇವಕರ ಫೋನ್ ನಂಬರ್, ಧ್ವನಿವರ್ಧಕ ಉಂಟೋ ಇಲ್ಲವೋ, ಇಷ್ಟೂ ಒಂದೇ ಹಾಳೆಯಲ್ಲಿ ಇರಲಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬನ್ನಿ. ಚುನಾವಣೆ ಘೋಷಣೆಯಾಗಿದ್ದರೆ ನೀತಿಸಂಹಿತೆಯಂತೆ ಬೇರೆ ಅನುಮತಿಯೂ ಬೇಕಾಗುತ್ತದೆ.

ಧ್ವನಿವರ್ಧಕಕ್ಕೆ 2000ದ ಶಬ್ದ ಮಾಲಿನ್ಯ ನಿಯಮಗಳಂತೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗಿನ 6ರ ತನಕ ಬಳಸುವಂತಿಲ್ಲ, ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಫ್ಲೆಕ್ಸ್ ರಾಜ್ಯದಲ್ಲಿ ನಿಷೇಧ, ಗೋಡೆ ಬರಹಕ್ಕೂ ಕಾನೂನಿನ ತಡೆಯಿದೆ. ಬಟ್ಟೆಯ ಬ್ಯಾನರನ್ನೇ ಬರೆಸಿ.

ಮೌನ ನಡಿಗೆ, ಜನವರಿ 30

ಪರ್ವದ ಬಾಗಿಲು ತೆರೆಯುವುದು ನಡಿಗೆಯಿಂದ. ರಾಣಿ ಚನ್ನಮ್ಮ ವೃತ್ತದಿಂದ ಟಿಳಕವಾಡಿಯ ವೀರಸೌಧದವರೆಗೆ ಒಳ್ಳೆಯ ದಾರಿ. ಈ ನಡಿಗೆ ಪೂರ್ತಿ ಮೌನವಾಗಿರಲಿ ಎಂಬುದು ನಮ್ಮ ಖಚಿತ ಸಲಹೆ. ಮೈಕ್ ಇಲ್ಲ, ಘೋಷಣೆ ಇಲ್ಲ, ಹಾಡೂ ಇಲ್ಲ. ಇದಕ್ಕೆ ಗಟ್ಟಿ ಕಾರಣಗಳಿವೆ. ಚನ್ನಮ್ಮ ವೃತ್ತದ ಸುತ್ತ ಕೋರ್ಟು, ಸರಕಾರಿ ಕಚೇರಿಗಳಿವೆ, ಹತ್ತಿರದಲ್ಲೇ ಜಿಲ್ಲಾ ಆಸ್ಪತ್ರೆಯಿದೆ, ಮೌನವಿದ್ದರೆ ಶಬ್ದದ ಅನುಮತಿಯ ಪ್ರಶ್ನೆಯೇ ಏಳುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು. ಹಾಡು ಎಂದ ಕೂಡಲೇ ಯಾವ ಭಾಷೆಯದು ಮೊದಲು ಎಂಬ ಮಾತು ಬರುತ್ತದೆ. ಮೌನದಲ್ಲಿ ಎಲ್ಲ ಭಾಷೆಯವರೂ ಒಂದೇ ಸಾಲಿನಲ್ಲಿ ನಡೆಯಬಹುದು.

ಬಾವುಟದ ವಿಷಯದಲ್ಲಿ ಗಟ್ಟಿಯಾಗಿರಿ. ಯಾವ ಬಣ್ಣದ ಬಾವುಟವೂ ಬೇಡ. ಹೆಗಲ ಶಾಲು, ಟೋಪಿ, ಪೇಟ ಕೂಡ ಸಂಘಟನೆಯ ಗುರುತು ಹೊತ್ತಿದ್ದರೆ ಚೀಲದಲ್ಲಿಟ್ಟು ಬರಲು ಮುಂಚೆಯೇ ಹೇಳಿ, ರಸ್ತೆಯಲ್ಲಿ ನಿಂತು ತೆಗೆಸಲು ಹೋಗಬೇಡಿ. ಅಲ್ಲಿ ಹೇಳಿದರೆ ಅದು ಅವಮಾನವಾಗುತ್ತದೆ, ಹಿಂದಿನ ದಿನ ಮನೆಯಲ್ಲಿ ಹೇಳಿದರೆ ವಿನಂತಿಯಾಗುತ್ತದೆ.

ಬ್ಯಾನರು ಒಂದೇ, ಮುಂಭಾಗದಲ್ಲಿ. 10 ಅಡಿ ಉದ್ದ, 3 ಅಡಿ ಅಗಲದ ಖಾದಿ ಬಟ್ಟೆ, ಎರಡು ತುದಿಗೂ ಗವಸು ಹೊಲಿಸಿ 7 ಅಡಿಯ ಬಿದಿರು ತೂರಿಸಿ. ಕನ್ನಡ ಮೇಲೆ ದೊಡ್ಡದಾಗಿ, ಕೆಳಗೆ ಮರಾಠಿ, ಉರ್ದು. ನಾಲ್ಕು ಶಬ್ದಕ್ಕಿಂತ ಹೆಚ್ಚು ಬೇಡ. ಬರೆಯುವ ಮುಂಚೆ ಆಯಾ ಭಾಷೆ ಮನೆಮಾತಾದವರಿಗೆ ಕರಡು ತೋರಿಸಿ. ಬೇರೆ ಭಾಷೆಯ ಸಾಲಿನಲ್ಲಿ ಒಂದು ಕಾಗುಣಿತ ತಪ್ಪಿದರೂ ಆ ಜನರಿಗೆ ತಮ್ಮನ್ನು ಕಾಟಾಚಾರಕ್ಕೆ ಸೇರಿಸಿದ್ದಾರೆ ಅನಿಸುತ್ತದೆ, ಅದು ತಪ್ಪೂ ಅಲ್ಲ. ಬೆಳಗಾವಿಯ ಗಾಳಿಗೆ ಬ್ಯಾನರು ಹಾಯಿಯಂತೆ ಉಬ್ಬಿ ಹಿಡಿದವರನ್ನೇ ಎಳೆಯುತ್ತದೆ. ಅಕ್ಷರಗಳ ನಡುವಿನ ಖಾಲಿ ಜಾಗದಲ್ಲಿ ಅಂಗೈ ಅಗಲದ ಆರೇಳು ಅರ್ಧಚಂದ್ರದ ಸೀಳು ಬಿಟ್ಟು ಅಂಚು ಹೊಲಿಸಿದರೆ ಗಾಳಿ ಪಾರಾಗುತ್ತದೆ.

ಇನ್ನು ಜನರ ಲೆಕ್ಕ. 300 ಜನ ಮೂವರಂತೆ ಸಾಲಾಗಿ ನಿಂತರೆ 100 ಸಾಲು. ಸಾಲಿಗೆ ಒಂದೂವರೆ ಮೀಟರ್ ಹಿಡಿದರೆ 150 ಮೀಟರ್ ಉದ್ದ. ಹಿರಿಯರು, ಮಕ್ಕಳು ಕೂಡಿದ ನಡಿಗೆ ಗಂಟೆಗೆ 3 ಕಿಲೋಮೀಟರ್ ಸಾಗುತ್ತದೆ. ಅಂದರೆ ಈ ಸಾಲು ಒಂದು ಚೌಕ ದಾಟಲು 3 ನಿಮಿಷ ಬೇಕು. ಕೆಲಸದ ದಿನ ಬೆಳಗ್ಗೆ 3 ನಿಮಿಷ ಚೌಕ ಕಟ್ಟಿಹಾಕಿದರೆ ಹಾರ್ನು ಶುರುವಾಗುತ್ತದೆ, ಬೈಕಿನವರು ನಡುವೆ ನುಗ್ಗುತ್ತಾರೆ, ಅಲ್ಲಿಂದ ಮಾತಿಗೆ ಮಾತು. ಆದ್ದರಿಂದ 50–50 ಜನರ ಆರು ಗುಂಪು ಮಾಡಿ. ಒಂದು ಗುಂಪಿನ ಉದ್ದ ಸುಮಾರು 25 ಮೀಟರ್, ಚೌಕ ದಾಟಲು ಅರ್ಧ ನಿಮಿಷ ಸಾಕು. ಗುಂಪು ಗುಂಪಿನ ನಡುವೆ 30 ಮೀಟರ್ ಜಾಗ ಬಿಡಿ, ಸಂಚಾರ ಪೊಲೀಸರು ಆ ಜಾಗದಲ್ಲಿ ವಾಹನ ಬಿಟ್ಟುಕೊಳ್ಳುತ್ತಾರೆ. ರಸ್ತೆಯ ಎಡಬದಿ ಮಾತ್ರ ಹಿಡಿಯಿರಿ, ಬಲಬದಿ ಆಂಬುಲೆನ್ಸಿಗೆ ಯಾವಾಗಲೂ ತೆರೆದಿರಲಿ. ಟಿಳಕವಾಡಿಯ ರೈಲ್ವೆ ಗೇಟ್ ದಾಟುವ ದಾರಿ ಆರಿಸಬೇಡಿ. ಗೇಟ್ ಬಿದ್ದರೆ ಅರ್ಧ ಜನ ಈಚೆ, ಅರ್ಧ ಜನ ಆಚೆ. ಒಂದು ವಾರ ಮುಂಚೆ ಅದೇ ವಾರದ ದಿನ, ಅದೇ ಹೊತ್ತಿಗೆ ಇಬ್ಬರು ನಡೆದು ನೋಡಿ ಬನ್ನಿ, ಅಗೆದ ಗುಂಡಿ, ತೆರೆದ ಗಟಾರ ಎಲ್ಲಿದೆ ಬರೆದುಕೊಳ್ಳಿ.

ಬೆಳಗ್ಗೆ 8ಕ್ಕೆ ಹೊರಟರೆ ಕಚೇರಿಯ ಗದ್ದಲಕ್ಕೆ ಮುಂಚೆ ವೀರಸೌಧ ಮುಟ್ಟಬಹುದು. ಅಲ್ಲಿ ಸರ್ವಧರ್ಮ ಪ್ರಾರ್ಥನೆ, ಆಮೇಲೆ ಎಲ್ಲರೂ ಕೂತು ನೂಲುವುದು. 11ಕ್ಕೆ ಎರಡು ನಿಮಿಷದ ಮೌನ. ಇದು ಇಡೀ ದೇಶ ಹುತಾತ್ಮರಿಗಾಗಿ ಆಚರಿಸುವ ಮೌನ. ಸೈರನ್ ಇರುವಲ್ಲಿ 10.59ರಿಂದ 11ರವರೆಗೆ ಒಂದು ಸಲ, 11.02ರಿಂದ 11.03ರವರೆಗೆ ಇನ್ನೊಂದು ಸಲ ಕೂಗಿಸಬೇಕೆಂದು ಸರಕಾರದ ಸೂಚನೆಯೇ ಇದೆ. ನಿಮ್ಮ ಮಾತುಗಳೆಲ್ಲ 10.50ಕ್ಕೆ ಮುಗಿದಿರಲಿ. ಅತಿಥಿಯ ಭಾಷಣ ಉದ್ದವಾಗಿ 11 ದಾಟಿಹೋದರೆ ದಿನದ ಜೀವವೇ ಹೋದಂತೆ. ಖಡೇ ಬಜಾರ್, ಗಣಪತ್ ಗಲ್ಲಿಯ ವ್ಯಾಪಾರಸ್ಥರನ್ನು ಮೂರು ದಿನ ಮುಂಚೆ ಅಂಗಡಿ ಅಂಗಡಿಗೆ ಹೋಗಿ ಕೇಳಿಕೊಳ್ಳಿ: ಎರಡು ನಿಮಿಷ ತಕ್ಕಡಿ ಕೆಳಗಿಟ್ಟು ನಿಲ್ಲಿರಿ ಅಂತ. ಪೇಟೆ ನಿಂತಾಗ ಆ ಎರಡು ನಿಮಿಷ ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ. ಫೋಟೋ ತೆಗೆಯುವವರೂ ಆ ಹೊತ್ತಿನಲ್ಲಿ ಕ್ಯಾಮೆರಾ ಇಳಿಸಲಿ.

ಶಾಂತಿ ಸ್ವಯಂಸೇವಕರ ತರಬೇತಿ

ಪ್ರತಿ 25 ಜನಕ್ಕೆ ಒಬ್ಬ ಸ್ವಯಂಸೇವಕ, ಮುಂದೆ ಇಬ್ಬರು, ಹಿಂದೆ ಇಬ್ಬರು ಹೆಚ್ಚುವರಿ. 300 ಜನಕ್ಕೆ 16. ತೋಳಿಗೆ ಬಿಳಿ ಖಾದಿ ಪಟ್ಟಿ. ತರಬೇತಿಗೆ ಎರಡು ಸಂಜೆ, ಎರಡೆರಡು ಗಂಟೆ. ಹೆಚ್ಚಿನ ಹೊತ್ತು ಅಭಿನಯಕ್ಕೆ ಕೊಡಿ: ಒಬ್ಬ ಸಿಟ್ಟಿನಲ್ಲಿ ಕೂಗುತ್ತ ಬರಲಿ, ಇನ್ನೊಬ್ಬ ಅವನನ್ನು ತಣಿಸಲಿ, ಉಳಿದವರು ನೋಡಲಿ. ಐದು ನಿಮಿಷಕ್ಕೆ ಪಾತ್ರ ಬದಲಿಸಿ. ಕೂಗುವ ಪಾತ್ರ ಮಾಡಿದವನಿಗೇ ಗೊತ್ತಾಗುತ್ತದೆ ಯಾವ ಮಾತಿಗೆ ತನ್ನ ಸಿಟ್ಟು ಇಳಿಯಿತು, ಯಾವುದಕ್ಕೆ ಏರಿತು ಎಂದು.

ನಿಲ್ಲುವ ಬಗೆ ಕಲಿಸಬೇಕಾದ ಮೊದಲ ಪಾಠ. ಎದೆಗೆ ಎದೆ ಕೊಟ್ಟು ನಿಲ್ಲಬಾರದು, ಸ್ವಲ್ಪ ಓರೆಯಾಗಿ, ಒಂದೂವರೆ ತೋಳು ದೂರದಲ್ಲಿ. ಅಂಗೈ ಕಾಣುವಂತೆ ಹೊಟ್ಟೆಯ ಮಟ್ಟದಲ್ಲಿ ಕೈ. ಮೈ ಮುಟ್ಟಬಾರದು, ಹೆಗಲ ಮೇಲೆ ಪ್ರೀತಿಯಿಂದ ಕೈ ಇಟ್ಟರೂ ಸಿಟ್ಟಿನಲ್ಲಿದ್ದವನಿಗೆ ಅದು ನೂಕಿದಂತೆಯೇ. ಅವನ ಮಾತಿನಲ್ಲೇ ಮಾತಾಡಿಸಿ: “ಅಣ್ಣಾ, ಏನಾತ್ರೀ? ಈ ಕಡೆ ಬರ್ರಿ, ನೆಳ್ಳಾಗ ನಿಂತು ಮಾತಾಡೋಣು.” ಮರಾಠಿಯವನಾದರೆ “ದಾದಾ, ಕಾಯ್ ಝಾಲಂ?”, ದಖನಿ ಉರ್ದುವಿನವನಾದರೆ “ಕ್ಯಾ ಹುವಾ ಭಾಯಿ?” ಇಷ್ಟು ಮೂರೂ ಭಾಷೆಯಲ್ಲಿ ಎಲ್ಲ ಸ್ವಯಂಸೇವಕರಿಗೂ ಬಾಯಿಪಾಠ ಇರಲಿ. “ಸಮಾಧಾನ ಮಾಡ್ಕೊಳ್ರಿ” ಎಂಬ ಮಾತು ಬಳಸಬೇಡಿ, ಅದನ್ನು ಕೇಳಿ ಸಮಾಧಾನವಾದವರಿಲ್ಲ. ಕೇಳಿ, ಮತ್ತೆ ಕೇಳಿ, ಅವನು ಹೇಳಿದ್ದನ್ನೇ ತಿರುಗಿ ಹೇಳಿ ಸರಿಯೇ ಎಂದು ವಿಚಾರಿಸಿ. ನೀರಿನ ಬಾಟಲಿ ಕೈಗೆ ಕೊಡಿ. ಕುಡಿಯುವಾಗ ಯಾರೂ ಕೂಗಲಾರರು. ಈ ನಡುವೆ ಎರಡನೆಯ ಸ್ವಯಂಸೇವಕ ನಡಿಗೆಯನ್ನು ನಿಲ್ಲಿಸದೆ ಮುಂದೆ ಸಾಗಿಸಬೇಕು. ಸಾಲು ನಿಂತರೆ ಜನ ಸುತ್ತುಗಟ್ಟುತ್ತಾರೆ, ಸುತ್ತುಗಟ್ಟಿದರೆ ಸಿಟ್ಟಿನವನಿಗೆ ಹಿಂದೆ ಸರಿಯಲು ದಾರಿ ಉಳಿಯುವುದಿಲ್ಲ. ಕೈ ಎತ್ತಿದರೆ, ಕಲ್ಲು ಕಂಡರೆ ತಡಮಾಡದೆ ತುರ್ತು ನಂಬರ್ 112ಕ್ಕೆ ಫೋನ್ ಮಾಡಿ.

ರಾಟಿ ಮತ್ತು ತಕಲಿ

ನೂಲುವುದನ್ನು ವೇದಿಕೆಯ ಮೇಲೆ ಒಬ್ಬರು ತೋರಿಸಿ, ಉಳಿದವರು ಚಪ್ಪಾಳೆ ತಟ್ಟುವ ಪ್ರದರ್ಶನ ಮಾಡಬೇಡಿ. ಪೆಟ್ಟಿಗೆ ರಾಟಿ ಹತ್ತು ಸಿಕ್ಕರೆ ಹತ್ತು ವೃತ್ತ ಮಾಡಿ, ವೃತ್ತಕ್ಕೆ ಐದು ಜನ, ಸರದಿಯಂತೆ. ಮಕ್ಕಳಿಗೆ ತಕಲಿ (ಕೈಯಲ್ಲೇ ತಿರುಗಿಸಿ ನೂಲುವ ಸಣ್ಣ ಕಡ್ಡಿ) ಒಳ್ಳೆಯದು, ಅಗ್ಗ, ಒಬ್ಬೊಬ್ಬರಿಗೆ ಒಂದು ಕೊಡಬಹುದು. ಹುದಲಿಯಲ್ಲಿ ಖಾದಿ ಕೆಲಸ ಇನ್ನೂ ಇದೆ. ಅದು ಸ್ವಾತಂತ್ರ್ಯ ಹೋರಾಟಗಾರ ಗಂಗಾಧರರಾವ್ ದೇಶಪಾಂಡೆಯವರ ಊರು, 1937ರಲ್ಲಿ ಗಾಂಧೀಜಿ ಬಂದು ಉಳಿದ ಊರು. ಕಲಿಸುವವರನ್ನು ಖಾದಿ ಕೇಂದ್ರಗಳಲ್ಲೇ ಕೇಳಿ.

ಕಲಿಯುವವರು ಎಡವುವ ಜಾಗ ಒಂದೇ, ಎರಡು ಕೈಗಳ ಹೊಂದಾಣಿಕೆ. ಬಲಗೈ ಗಾಲಿ ತಿರುಗಿಸುತ್ತದೆ, ಎಡಗೈ ಹಂಜಿ (ಹಿಂಜಿ ಸುರುಳಿ ಮಾಡಿದ ಅರಳೆ) ಹಿಡಿಯುತ್ತದೆ. ಹಂಜಿಯನ್ನು ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಗುಬ್ಬಿಮರಿ ಹಿಡಿದಷ್ಟು ಹಗುರವಾಗಿ ಹಿಡಿಯಬೇಕು. ಬಿಗಿ ಹಿಡಿದರೆ ಎಳೆ ಬರುವುದೇ ಇಲ್ಲ. ಕದಿರಿನ (ನೂಲು ಸುತ್ತಿಕೊಳ್ಳುವ ಕಬ್ಬಿಣದ ಕಡ್ಡಿಯ) ತುದಿಯಿಂದ ಎಳೆ ಓರೆಯಾಗಿ ಹೊರಡುವಾಗ ಅದಕ್ಕೆ ಹುರಿ (ತಿರುಚು) ಬೀಳುತ್ತದೆ. ಕೈ ಹಿಂದಕ್ಕೆ ಸರಿಯುತ್ತ ಹೋಗಬೇಕು, ಜಗ್ಗಬಾರದು. ಎಳೆ ತೋಳುದ್ದವಾದಾಗ ಗಾಲಿಯನ್ನು ತುಸು ಹಿಂದಕ್ಕೆ ತಿರುಗಿಸಿ ತುದಿಯ ಸುತ್ತು ಬಿಡಿಸಿ, ಎಳೆಯನ್ನು ಕದಿರಿಗೆ ಅಡ್ಡವಾಗಿ ತಂದು ಸುತ್ತಿಸಬೇಕು. ಎಳೆ ಪಟಪಟ ಹರಿಯುತ್ತಿದ್ದರೆ ಹುರಿ ಸಾಲದು, ಕೈ ನಿಧಾನಿಸಿ. ಗುಂಗುರು ಗುಂಗುರಾಗಿ ಸುರುಳಿಗಟ್ಟಿದರೆ ಹುರಿ ಹೆಚ್ಚು, ಗಾಲಿ ನಿಧಾನಿಸಿ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಬಂದರೆ ಚಿಂತೆಯಿಲ್ಲ, ಮೊದಲ ವಾರ ಎಲ್ಲರದೂ ಹಾಗೇ. ಹರಿದ ತುದಿಯನ್ನು ಗಂಟು ಹಾಕಬೇಡಿ, ಹಂಜಿಯ ಅರಳೆಯನ್ನು ಎರಡು ಬೆರಳು ಉದ್ದ ಬಿಡಿಸಿ ಎಳೆಯ ಮೇಲೆ ಇಟ್ಟು ಗಾಲಿ ತಿರುಗಿಸಿದರೆ ತಾನೇ ಕೂಡುತ್ತದೆ. ಮಾರ್ಚಿನ ಒಣ ಹವೆಯಲ್ಲಿ ಫ್ಯಾನಿನ ಕೆಳಗೆ ಕೂತರೆ ಅರಳೆ ಹಾರಿ ಎಳೆ ಹರಿಯುತ್ತಲೇ ಇರುತ್ತದೆ, ಫ್ಯಾನ್ ಆರಿಸಿ. ದಾರ ಜಾರಿ ಕದಿರು ತಿರುಗದಿದ್ದರೆ ದಾರಕ್ಕೆ ಸ್ವಲ್ಪ ಮೇಣ ಸವರಿ.

ಗಲ್ಲಿ ಕಟ್ಟೆ

ಗಲ್ಲಿಯವರು ಒಟ್ಟಿಗೆ ಕೂತು ತಮ್ಮ ಜಗಳಗಳನ್ನು ಮಾತಾಡಿ ಬಗೆಹರಿಸಿಕೊಳ್ಳುವ ಕೂಟವೇ ಗಲ್ಲಿ ಕಟ್ಟೆ, ಪರ್ವದ ತಿರುಳು ಇದು. ಉದ್ಘಾಟನೆ, ಸಮಾರೋಪ ಸಣ್ಣದಾದರೂ ಚಿಂತೆಯಿಲ್ಲ, ಗಲ್ಲಿ ಕಟ್ಟೆಗಳು ನಡೆಯದಿದ್ದರೆ ಪರ್ವವೇ ನಡೆಯಲಿಲ್ಲ. ವಾರಕ್ಕೆ ಒಂದು, ಬೇರೆ ಬೇರೆ ಗಲ್ಲಿಯಲ್ಲಿ, ಸಂಜೆ ಐದೂವರೆಗೆ. ಒಂಬತ್ತು ವಾರಕ್ಕೆ ಒಂಬತ್ತು ಗಲ್ಲಿ. ಪಂಚ ಕಮಿಟಿಯವರನ್ನು, ಗಣೇಶ ಮಂಡಳದ ಹುಡುಗರನ್ನು, ಮಹಿಳಾ ಸಂಘದವರನ್ನು ಒಂದು ವಾರ ಮುಂಚೆ ಮನೆಗೇ ಹೋಗಿ ಕರೆಯಿರಿ.

ಒಂದು ವೃತ್ತದಲ್ಲಿ 8ರಿಂದ 10 ಜನ, ನೆಲದ ಮೇಲೆ ಜಮಖಾನೆ, ಯಾರಿಗೂ ಕುರ್ಚಿ ಬೇಡ, ಮಂಡಿ ನೋವಿದ್ದವರಿಗೆ ಮಾತ್ರ. ನೂಲಿನ ಉಂಡೆಯೊಂದನ್ನು ಕೈಯಿಂದ ಕೈಗೆ ದಾಟಿಸಿ. ಯಾರ ಕೈಯಲ್ಲಿ ಉಂಡೆ ಇದೆಯೋ ಅವರದೇ ಮಾತು, ಮೂರು ನಿಮಿಷ, ಉಳಿದವರು ಕೇಳಬೇಕು. ಉತ್ತರ ಕೊಡುವಂತಿಲ್ಲ. ಎರಡನೆಯ ಸುತ್ತಿನಲ್ಲಿ, ಮೊದಲು ಪಕ್ಕದವರು ಹೇಳಿದ್ದನ್ನು ತಿರುಗಿ ಹೇಳಿ ಆಮೇಲೆ ತಮ್ಮ ಮಾತು. ಇಲ್ಲಿ ಜನ ಮೊದಮೊದಲು ನಗುತ್ತಾರೆ, ಆಮೇಲೆ ತಾವು ಅರ್ಧವನ್ನೂ ಕೇಳಿರಲಿಲ್ಲ ಎಂದು ಅವರಿಗೇ ಗೊತ್ತಾಗುತ್ತದೆ.

ಕೇಳುವ ಪ್ರಶ್ನೆ ಸಣ್ಣದಿರಲಿ. ಗಡಿ ಯಾರದು, ಯಾವ ಪಕ್ಷ ಸರಿ ಎಂಬ ಪ್ರಶ್ನೆ ಕಟ್ಟೆಯ ಮೇಲೆ ಬಗೆಹರಿಯುವುದಿಲ್ಲ, ಕಟ್ಟೆಯೇ ಒಡೆಯುತ್ತದೆ. “ಈ ಗಲ್ಲಿಯಲ್ಲಿ ಮತ್ತೆ ಮತ್ತೆ ಏಳುವ ಜಗಳ ಯಾವುದು?” ಎಂದು ಕೇಳಿ. ನಲ್ಲಿಯ ಸರದಿ, ಗಟಾರಕ್ಕೆ ಕಸ, ಬಾಗಿಲೆದುರು ಗಾಡಿ, ಹಬ್ಬದ ಡಿಜೆ, ಹುಡುಗರ ಕ್ರಿಕೆಟ್ ಚೆಂಡು ಇಂಥವೇ ಬರುತ್ತವೆ. ದೊಡ್ಡ ಗಲಾಟೆಗಳಿಗೆ ಕಿಡಿ ಸಿಗುವುದು ಹೆಚ್ಚಾಗಿ ಇಂಥ ಕಡೆಯೇ. ಒಂದನ್ನೇ ಆರಿಸಿ, ಒಪ್ಪಂದ ಬರೆಯಿರಿ. ಒಂದೇ ಪುಟ, ಯಾರು, ಏನು, ಎಷ್ಟು ಹೊತ್ತಿಗೆ, ಎಂದಿನಿಂದ. “ಎಲ್ಲರೂ ಸಹಕರಿಸಬೇಕು” ಎಂದು ಬರೆದರೆ ಅದು ಒಪ್ಪಂದವಲ್ಲ. “ಬೆಳಗ್ಗೆ 6ರಿಂದ 6.45 ಮೇಲಿನ ಸಾಲಿನ ಮನೆಗಳು, ಮನೆಗೆ 6 ಕೊಡ, ಆಮೇಲೆ ಕೆಳಗಿನ ಸಾಲು” ಎಂದು ಬರೆದರೆ ಒಪ್ಪಂದ. ಎರಡೂ ಕಡೆಯ ಒಬ್ಬೊಬ್ಬರು ನೋಡಿಕೊಳ್ಳುವ ಹೊಣೆ ಹೊರಲಿ, 15 ದಿನಕ್ಕೆ ಮತ್ತೆ ಅದೇ ಕಟ್ಟೆಯಲ್ಲಿ ಕೂಡಿ. ಎರಡನೆಯ ಕೂಟ ಬಿಟ್ಟುಬಿಡುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಮೊದಲ ವಾರದ ಉತ್ಸಾಹದಲ್ಲಿ ಒಪ್ಪಿದ್ದು ಎರಡನೆಯ ವಾರ ಸಡಿಲಾಗುತ್ತದೆ, ಆಗ ಸರಿಪಡಿಸದಿದ್ದರೆ ಮೊದಲಿಗಿಂತ ಕಹಿ ಹೆಚ್ಚು.

ಒಂದು ಎಚ್ಚರಿಕೆ, ಇದನ್ನು ಕಟ್ಟೆ ನಡೆಸುವ ಪ್ರತಿಯೊಬ್ಬರೂ ಮನಸ್ಸಿನಲ್ಲಿ ಕೊರೆದಿಟ್ಟುಕೊಳ್ಳಬೇಕು. ಹೆಂಡತಿಗೆ ಹೊಡೆಯುವುದು, ಮಕ್ಕಳ ಮೇಲಿನ ದೌರ್ಜನ್ಯ, ಜಾತಿ ಹೆಸರಿನ ಹಿಂಸೆ, ಇವು ರಾಜಿ ಪಂಚಾಯ್ತಿಯ ವಿಷಯಗಳಲ್ಲ. ಶಾಂತಿಯ ಹೆಸರಿನಲ್ಲಿ ನೊಂದವರನ್ನು ಸುಮ್ಮನಾಗಿಸುವುದೂ ಹಿಂಸೆಯೇ. ವೃತ್ತದ ನಡುವೆ ಅಂಥ ಮಾತು ಬಂದರೆ ಅಲ್ಲೇ ನಿಲ್ಲಿಸಿ, ಹೇಳಿದವರ ಜೊತೆ ಬೇರೆ ಕೂತು, ಅವರ ಒಪ್ಪಿಗೆಯಿಂದ ಮುಂದಿನ ಹೆಜ್ಜೆ ಇಡಿ. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ಉಚಿತ ಕಾನೂನು ನೆರವು 15100. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕಾನೂನಿನಂತೆ ಕಡ್ಡಾಯ, ಅಲ್ಲಿ ಯಾರ ಒಪ್ಪಿಗೆಗೂ ಕಾಯುವಂತಿಲ್ಲ.

ಕಟ್ಟೆಯ ತಿಂಡಿ

ಕೂಟದ ಕೊನೆಗೆ ತಿಂಡಿ ಇದ್ದರೆ ಜನ ಇನ್ನರ್ಧ ಗಂಟೆ ಕೂಡುತ್ತಾರೆ, ನಿಜವಾದ ಮಾತು ಆಗ ಹೊರಬೀಳುತ್ತದೆ. ಚುರಮುರಿ ಸೂಸಲ ಮತ್ತು ಮಜ್ಜಿಗೆ ಎಲ್ಲರಿಗೂ ಆಗುತ್ತದೆ. 100 ಜನಕ್ಕೆ 5 ಕೆಜಿ ಚುರಮುರಿ. ಒಮ್ಮೆಲೇ ನೆನೆಸಿದರೆ ಅಂಬಲಿಯಾಗುತ್ತದೆ. ಒಂದು ಸಲಕ್ಕೆ ಮುಕ್ಕಾಲು ಕೆಜಿಯಷ್ಟನ್ನೇ ನೀರಿಗೆ ಹಾಕಿ, ಅರ್ಧ ನಿಮಿಷಕ್ಕೆ ತೆಗೆದು ಹಿಂಡಿ ಹರವಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿದರೆ ಉಳಿದ ನೀರನ್ನು ಅದು ಹೀರುತ್ತದೆ. 7 ಲೀಟರ್ ಮೊಸರಿಗೆ 13 ಲೀಟರ್ ನೀರು ಹಾಕಿದರೆ 100 ಲೋಟ ಮಜ್ಜಿಗೆ. ಈ ಊರಿನಲ್ಲಿ ಜೈನರ ಸಂಖ್ಯೆ ದೊಡ್ಡದು. ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದ ಪಾತ್ರೆ ಬೇರೆ, ಅದರ ಸೌಟೂ ಬೇರೆ ಇರಲಿ, ಸೂರ್ಯ ಮುಳುಗುವ ಮುಂಚೆ ಬಡಿಸಿ. ಇದಕ್ಕಿಂತ ಸುಲಭ, ಇಡೀ ಒಗ್ಗರಣೆಯನ್ನೇ ಉಳ್ಳಾಗಡ್ಡಿ ಇಲ್ಲದೆ ಮಾಡಿ, ಬೇಕಾದವರಿಗೆ ಹಸಿಯದನ್ನು ಪಕ್ಕದಲ್ಲಿ ಹೆಚ್ಚಿಡುವುದು. ರಂಜಾನ್ ದಿನಗಳಲ್ಲಿ ಕೂಟ ನಾಲ್ಕಕ್ಕೇ ಮುಗಿಯಲಿ, ತಿಂಡಿ ಯಾರ ಮುಂದೂ ಬೇಡ.

ಕೋಟೆ ನಡಿಗೆ

ಒಂದು ಭಾನುವಾರ ಬೆಳಗ್ಗೆ ಕೋಟೆಗೆ ಹೋಗಿ. ಒಂದೇ ಕೋಟೆಯ ಒಳಗೆ 1204ರಲ್ಲಿ ರಟ್ಟ ಅರಸರ ಕಾಲದಲ್ಲಿ ಕಟ್ಟಿಸಿದ ಕಮಲ ಬಸದಿ, 1519ರ ಸಫಾ ಮಸೀದಿ, ಹೆಬ್ಬಾಗಿಲ ಬಳಿಯ ದೇವಸ್ಥಾನಗಳು, ರಾಮಕೃಷ್ಣ ಮಿಷನ್ ಆಶ್ರಮ ಇವೆ. ಕ್ಯಾಂಪಿನ ಸೇಂಟ್ ಮೇರಿ ಚರ್ಚೂ ದೂರವಿಲ್ಲ. 30ಕ್ಕಿಂತ ಹೆಚ್ಚು ಜನ ಬೇಡ. ಒಂದೊಂದು ಕಡೆ ಅಲ್ಲಿಯವರೇ ಹತ್ತು ನಿಮಿಷ ಹೇಳಲಿ, ಇನ್ನೊಂದು ಧರ್ಮದವರು ವಿವರಿಸಲು ಹೋಗಬಾರದು. ಬಸದಿಯ ಛಾವಣಿಯಿಂದ ತೂಗುವ ಕಲ್ಲಿನ ಕಮಲದ ಕೆಳಗೆ ಎಲ್ಲರೂ ಒಂದು ನಿಮಿಷ ತಲೆ ಎತ್ತಿ ನಿಲ್ಲಲಿ. ಚರ್ಮದ ಬೆಲ್ಟು, ಚೀಲ ಬಸದಿಗೆ ಬೇಡ, ತಲೆಗೆ ವಸ್ತ್ರ ಜೊತೆಗಿರಲಿ, ನಮಾಜಿನ ಹೊತ್ತು ಮುಂಚೆ ಕೇಳಿಕೊಳ್ಳಿ. ಕೋಟೆಯೊಳಗೆ ಸೇನೆಯ ಜಾಗಗಳಿವೆ. ಗುಂಪಾಗಿ ಹೋಗಲು ಮುಂಚೆ ತಿಳಿಸಿ ಒಪ್ಪಿಗೆ ಪಡೆಯಿರಿ, ಅಲ್ಲಿ ಫೋಟೋ ಬೇಡ.

ಶಾಲೆಗೆ ದಿನಕ್ಕೊಂದು ಮಾತು

ಪ್ರಾರ್ಥನೆಯ ಹೊತ್ತಿಗೆ ಕರಿಹಲಗೆಯ ಮೇಲೆ ಒಂದು ಶಬ್ದ, ಪಕ್ಕದಲ್ಲಿ ಅಂದೇ ಮಾಡಬಹುದಾದ ಒಂದು ಕೆಲಸ. “ಕ್ಷಮೆ” ಎಂದಷ್ಟೇ ಬರೆದರೆ ಮಕ್ಕಳಿಗೆ ಹಿಡಿಯಲು ಏನೂ ಸಿಗುವುದಿಲ್ಲ. “ಕ್ಷಮೆ: ಮಾತು ಬಿಟ್ಟ ಗೆಳೆಯನ ಪಕ್ಕ ಇವತ್ತು ಊಟಕ್ಕೆ ಕೂಡು” ಎಂದು ಬರೆಯಿರಿ. “ಕೇಳುವುದು: ಅಜ್ಜಿ ಹೇಳುವ ಮಾತನ್ನು ಪೂರ್ತಿ ಕೇಳಿ ಎದ್ದೇಳು.” ಪರೀಕ್ಷೆ ಶುರುವಾದ ಮೇಲೆ ಶಬ್ದ ಮಾತ್ರ ಸಾಕು.

ವಾಟ್ಸಪ್ಪಿಗೆ ಒಂದೇ ನಿಯಮ. ಸಮಿತಿಯ ಗುಂಪಿನಲ್ಲಿ ಗಲಾಟೆಯ ಸುದ್ದಿ, ವಿಡಿಯೋ ಬಂದರೆ ಯಾರೂ ಮುಂದೆ ಕಳಿಸಬಾರದು. ಇಬ್ಬರು ಆ ಜಾಗಕ್ಕೆ ಫೋನ್ ಮಾಡಿ, ಅಲ್ಲಿರುವವರಿಂದಲೇ ಕೇಳಿ, ಠಾಣೆಗೆ ತಿಳಿಸಿ, ಆಮೇಲೆ ಒಂದು ಸಾಲು ಬರೆಯಲಿ. ಹಳೆಯ ವಿಡಿಯೋ, ಬೇರೆ ಊರಿನ ವಿಡಿಯೋ ಇಂದಿನದೆಂದು ಓಡಾಡುವುದೇ ಹೆಚ್ಚು. ಅಂಗಡಿಯ ಬೋರ್ಡು, ಗಾಡಿಯ ನಂಬರು, ಜನ ಹಾಕಿದ ಬಟ್ಟೆ ನೋಡಿದರೆ ಬಹಳ ಸಲ ಅಲ್ಲೇ ಗುಟ್ಟು ಗೊತ್ತಾಗುತ್ತದೆ.

ಏಪ್ರಿಲ್ 4

ಸಮಾರೋಪಕ್ಕೆ ದೊಡ್ಡ ವೇದಿಕೆ ಬೇಡ. ಕಾಂಗ್ರೆಸ್ ಬಾವಿಯ ಬಳಿ ಸಂಜೆ ಐದಕ್ಕೆ ಸೇರಿ. 64 ದಿನ ಎಲ್ಲರೂ ನೂತ ನೂಲನ್ನು ಒಂದೆಡೆ ತೂಗಿ, ದಪ್ಪ ಸಣ್ಣ ಎನ್ನದೆ ನೇಕಾರರಿಗೆ ಒಪ್ಪಿಸಿ. ಅದೇ ನೂಲಿನ ಅಡ್ಡ ಎಳೆಯಿಂದ ಮುಂದಿನ ವರ್ಷದ ಬ್ಯಾನರ್ ಬಟ್ಟೆ ನೇಯಿಸಬಹುದು. ಹೊಸಬರ ನೂಲು ಮಗ್ಗದ ಉದ್ದ ಎಳೆಯಾಗಿ ತಾಳುವುದಿಲ್ಲ, ಉದ್ದ ಎಳೆಗೆ ಗಟ್ಟಿ ನೂಲನ್ನೇ ಬಳಸಲು ಹೇಳಿ. ಒಂಬತ್ತು ಗಲ್ಲಿಯವರು ತಮ್ಮ ತಮ್ಮ ಒಪ್ಪಂದ ಓದಲಿ, ನಡೆದದ್ದು ಎಷ್ಟು, ಮುರಿದದ್ದು ಎಷ್ಟು ಎಂದು ತಾವೇ ಹೇಳಲಿ. ಮುರಿದವರನ್ನು ಯಾರೂ ಪ್ರಶ್ನಿಸಬಾರದು, ಅವರ ಗಲ್ಲಿಗೆ ಜೂನ್ ಒಳಗೆ ಮತ್ತೊಂದು ಕಟ್ಟೆಯ ದಿನಾಂಕ ಅಲ್ಲೇ ಗೊತ್ತು ಮಾಡಿ.

ಲೆಕ್ಕಪತ್ರ 10 ದಿನದೊಳಗೆ ಬರೆದು, ಕೊಟ್ಟವರಿಗೆಲ್ಲ ಒಂದೊಂದು ಪ್ರತಿ ಮುಟ್ಟಿಸಿ. ಸಾಲ ತಂದ ಪಾತ್ರೆ, ಜಮಖಾನೆ ತೊಳೆದು ಮರಳಿಸಿ. ರಾಟಿಗಳ ಕದಿರು ತೆಗೆದು ಒಣ ಬಟ್ಟೆಯಿಂದ ಒರೆಸಿ, ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಿ. ಬೆಳಗಾವಿಯ ಮಳೆಗಾಲದಲ್ಲಿ ಎಣ್ಣೆ ಸವರದೆ ಇಟ್ಟ ಕದಿರಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ತುದಿ ಮುಂದಿನ ಜನವರಿಯಲ್ಲಿ ಎಳೆಯನ್ನು ಹರಿಯುತ್ತಲೇ ಹೋಗುತ್ತದೆ.